ಫೋರ್ಕಿನೊಳಗಿನ ಖಾಲಿ ಜಾಗ

ಶಹಾಪುರದ ಬಜಾರು ಇನ್ನೂ ಪೂರ್ತಿ ಕಣ್ಣು ಬಿಟ್ಟಿರಲಿಲ್ಲ. ಅಂಬ್ರಪ್ಪನ ಗ್ಯಾರೇಜಿನ ಷಟರು ಅರ್ಧಕ್ಕೆ ಏರಿತ್ತು. ಒಳಗೆ ಗೋಡೆಯ ಗೂಡಿನಲ್ಲಿದ್ದ ಬುದ್ಧನ ಮುಂದೆ ಊದುಬತ್ತಿ ಹಚ್ಚಿ, ಮಗಳು ಪಂಚಶೀಲಾ ದಿನಾಲೂ ಹೇಳುವ ಐದು ಮಾತುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ದಾರಿ ತಪ್ಪುವುದಿಲ್ಲ. ಸುಳ್ಳಾಡುವುದಿಲ್ಲ ಎನ್ನುವ ನಾಲ್ಕನೆಯ ಮಾತು ನಾಲಿಗೆಯ ಮೇಲಿರುವಾಗಲೇ ಹೊರಗೊಂದು ಟಂಟಂ ಆಟೋ ಬಂದು ನಿಂತಿತು.

ಅದರ ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದ ಗಾಡಿಯನ್ನು ನೋಡಿದವಳು ಐದನೆಯ ಮಾತನ್ನು ಮರೆತೇಬಿಟ್ಟಳು.

ಎತ್ತರದ ಸೀಟು. ಕೊಕ್ಕಿನಂತೆ ಮುಂದಕ್ಕೆ ಚಾಚಿದ ಮಡಿಗಾರ್ಡು. ಪೆಟ್ರೋಲ್ ಟಾಕಿಯ ಎಡಕ್ಕೆ ಉದ್ದನೆಯ ಬಿಳಿ ಗೀರು. ಕಂಪನಿಯವರು ಮಾಡುವುದನ್ನೇ ಬಿಟ್ಟ, ಕಚ್ಚಾ ದಾರಿಯಲ್ಲೂ ಓಡುವ ಹಳೆಯ ಟ್ರೇಲ್ ಬೈಕು ಅದು. ವರ್ಷದ ಹಿಂದೆ ಇದೇ ಗಾಡಿಯ ಮುಂದಿನ ಗಾಲಿ ಹಿಡಿಯುವ ಫೋರ್ಕನ್ನು ಅವಳು ಬಿಚ್ಚಿ ಕೂಡಿಸಿದ್ದಳು. ನಾಲ್ಕೇ ದಿನಕ್ಕೆ ಅದು ಬೋನಾಳದ ಕಡೆಯ ಕಲ್ಲುದಾರಿಯಲ್ಲಿ ತನ್ನ ಸವಾರನನ್ನು ಎತ್ತಿ ಒಗೆದಿತ್ತು.

ಆ ಸವಾರ ಟಂಟಂನ ಮುಂದಿನ ಸೀಟಿನಿಂದ ಇಳಿದ. ಬಲಗೈಯನ್ನು ಇನ್ನೂ ಜೋಕೆಯಿಂದಲೇ ಆಡಿಸುತ್ತಿದ್ದ.

“ಜೈಭೀಮ್ರಿ, ಮಿಸ್ತ್ರಿ,” ಅಂದ ಸುನೀಲಕುಮಾರ.

ಮೊದಲೆಲ್ಲ ಈ ‘ಮಿಸ್ತ್ರಿ’ಯ ಬೆನ್ನಿಗೇ ಅವನದೊಂದು ನಗೆ ಬರುತ್ತಿತ್ತು. ಇವತ್ತು ಬರಲಿಲ್ಲ. ಬೋಲ್ಟು ತಿರುವುವ ಪಾನಾ ಒರೆಸುವ ಬಟ್ಟೆಯನ್ನು ಪಂಚಶೀಲಾ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡಳು.

“ಏನಾಗಬೇಕಿತ್ರಿ?”

“ಮುಂದಿನ ಫೋರ್ಕ್ ಅಪ್‌ಗ್ರೇಡ್ ಮಾಡಬೇಕ್ರಿ. ಗಟ್ಟಿ ಸ್ಪ್ರಿಂಗ್ ಪುಣೆದಿಂದ ತರಿಸೀನಿ. ಸೀಲು, ಆಯಿಲ್ಲು ಎಲ್ಲಾ ಹೊಸಾವು ಅದಾವ. ನನಗ ಮತ್ತ ಕಾಲುವಿ ಕೆಲಸಕ್ಕ ಕರದಾರ.”

“ನಾವು ಫೋರ್ಕ್ ಕೆಲಸ ಬಿಟ್ಟೀವ್ರಿ. ಬೋರ್ಡ್ ನೋಡಿಲ್ಲೇನು?”

ಅವನು ತಲೆಯೆತ್ತಿ ನೋಡಿದ. ‘ಅಂಬ್ರಪ್ಪ ಆಟೋ ವರ್ಕ್ಸ್’ ಎನ್ನುವುದರ ಕೆಳಗೆ ‘ಫೋರ್ಕ್ ಸ್ಪೆಷಲಿಸ್ಟ್’ ಎಂದು ಬರೆದಿದ್ದ ಸಾಲಿಗೆ ಬೂದು ಬಣ್ಣ ಬಳಿದಿತ್ತು. ಬಳಿದವಳು ಅವಳೇ. ನಿಚ್ಚಣಿಕೆ ಹಾಕಿಕೊಂಡು, ಯಾರಿಗೂ ಹೇಳದೆ, ಒಂದು ಭಾನುವಾರ.

ಸುನೀಲಕುಮಾರನ ಮುಖದ ಬಣ್ಣವೂ ಹಾಗೆಯೇ ಆಯಿತು.

*

ಊರು ಕೊಂಕಲ್ ಆದರೂ ಸುನೀಲಕುಮಾರ ಆಗ ಇರುತ್ತಿದ್ದದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ಕಾಲುವೆಯ ಏರಿಯ ಮೇಲೆ ದಿನವೆಲ್ಲ ಗಾಡಿ ಓಡಿಸಿ, ಎಲ್ಲೆಲ್ಲಿ ಎಷ್ಟು ನೀರು ನಿಂತಿದೆ ಎಂದು ಗೇಜು ನೋಡಿ ಬರೆದುಕೊಂಡು ಬರುವ ಗುತ್ತಿಗೆ ಕೆಲಸ. ಮೊದಲ ಸಲ ಗ್ಯಾರೇಜಿಗೆ ಬಂದಾಗ ಚೈನು ಸಡಿಲವಾಗಿತ್ತು, ಅದು ಖರೆ. ಮರುವಾರ ಕನ್ನಡಿ ಅಲುಗಾಡುತ್ತದೆ ಅಂದ. ಅದರ ಮರುವಾರ ಹಾರ್ನು ನೆಗಡಿಯಾದವರಂತೆ ಕೂಗುತ್ತದೆ ಅಂದ.

“ಮಿಸ್ತ್ರಿ, ನಿಮ್ಮ ತುರುಬಿನ್ಯಾಗ ಒಂದು ಸ್ಕ್ರೂಡ್ರೈವರ್ ಉಳದದ,” ಅಂದಿದ್ದ ಒಮ್ಮೆ.

“ಗೊತ್ತದ್ರಿ. ನೀವು ನೋಡೂದು ಬಿಟ್ರ ತಗೋತೀನಿ.”

ಅವನು ನೋಡುವುದನ್ನು ಬಿಡಲಿಲ್ಲ. ಅವಳು ತೆಗೆಯಲಿಲ್ಲ. ಹಳೆಯ ಜೀಪಿನ ಸೀಟನ್ನು ಗೋಡೆಗೆ ಆನಿಸಿ ಕೂತಿದ್ದ ಅಂಬ್ರಪ್ಪ ಸುಮ್ಮನೆ ಕೆಮ್ಮಿದ್ದ. ಕೈ ನಡುಗಲು ಶುರುವಾದಂದಿನಿಂದ ಅವನು ಪಾನಾ ಹಿಡಿಯುತ್ತಿರಲಿಲ್ಲ. ಆದರೆ ಕಿವಿ, ಕಣ್ಣು ಎರಡೂ ಚುರುಕಾಗಿದ್ದವು.

ಕೊನೆಗೊಂದು ದಿನ ಫೋರ್ಕಿನ ಕೆಲಸ ಬಂತು. ಮುಂದಿನ ಗಾಲಿಯನ್ನು ಹಿಡಿದು, ತಗ್ಗಿಗೆ ಕುಗ್ಗಿ ಪೆಟ್ಟು ನುಂಗುವ ಎರಡು ಕೊಳವೆಗಳು ಅವು. ಒಳಗೆ ಸ್ಪ್ರಿಂಗು, ಆಯಿಲ್ಲು. ಆಯಿಲ್ಲಿನ ಮೇಲೆ ನಾಲ್ಕೈದು ಬೆರಳಿನಷ್ಟು ಬರೀ ಗಾಳಿ. ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಕೇಳಿದ್ದ.

“ಇನ್ನಷ್ಟು ಆಯಿಲ್ ಹಾಕಿದ್ರ ಏನಾಗ್ತದ್ರಿ?”

“ಗಾಳಿಗೆ ಜಾಗ ಉಳಿಯಲ್ಲ. ಆಯಿಲ್ ತಡಿಯೂ ಸೀಲ್ ಒಡದು ಸೋರಾಕತ್ತತದ. ಮತ್ತ ಇಲ್ಲಿಗೇ ಬರಬೇಕಾಗ್ತದ ನೀವು.”

ಕೆಲಸ ಮುಗಿಸಿ, ಆ ಗ್ಯಾರೇಜಿನ ಪದ್ಧತಿಯಂತೆ ಮೊದಲ ಸುತ್ತು ಅವಳೇ ಹೊಡೆದು ಬಂದಿದ್ದಳು. ಬಿಚ್ಚಿ ಕೂಡಿಸಿದವರು ಮೊದಲು ತಮ್ಮ ಮೈಯನ್ನು ಅದರ ಮೇಲಿಡಬೇಕು, ಆಮೇಲೆ ಗಿರಾಕಿಯ ಮೈ. ಇದು ಅಂಬ್ರಪ್ಪ ಹಾಕಿದ ಕಟ್ಟಳೆ. ಗಾಡಿ ಏರಿಯ ಮೇಲೆ ಬೆಣ್ಣೆಯಲ್ಲಿ ಕೈಯಾಡಿಸಿದಂತೆ ಹೋಗಿತ್ತು.

“ಇನ್ನ ಆರು ತಿಂಗಳು ಈ ಕಡಿ ತಲಿ ಹಾಕೂದು ಬ್ಯಾಡ್ರಿ,” ಎಂದು ಕೀಲಿ ಕೊಡುತ್ತ ನಕ್ಕಿದ್ದಳು. “ನಿಮ್ ಗಾಡ್ಯಾಗ ಕೆಡಾಕ ಏನೂ ಉಳದಿಲ್ಲ.”

ನಕ್ಕದ್ದೇನೋ ನಿಜ. ಅವನು ಹೋದ ಮೇಲೆ ಗ್ಯಾರೇಜು ಇಷ್ಟು ದೊಡ್ಡದಿತ್ತೇ ಅನ್ನಿಸಿತ್ತು.

ನಾಲ್ಕನೆಯ ದಿನ ಅವನು ಬಿದ್ದ ಸುದ್ದಿ ಬಂತು. ಹಳ್ಳದ ಕಲ್ಲಿಗೆ ಇಳಿದಾಗ ಫೋರ್ಕು ಕುಗ್ಗದೆ ಕಟ್ಟಿಗೆಯಂತೆ ನಿಂತು, ಹ್ಯಾಂಡಲು ಕೈಯಿಂದ ಕಿತ್ತುಕೊಂಡಿತ್ತಂತೆ. ಹೆಗಲ ಎಲುಬು, ಮುಂಗೈ ಎರಡೂ ಮುರಿದಿದ್ದವು. ಪಂಚಶೀಲಾ ಒಂದು ಚೀಲ ಮೋಸಂಬಿ ಹಿಡಿದು ಯಾದಗಿರಿಯ ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲಲ್ಲಿ ಕಾಲು ನಿಂತವು.

“ಹೆಣ್ಣುಮಗಳ ಕೈಲೆ ಫೋರ್ಕ್ ಬಿಚ್ಚಿಸ್ಯಾನ. ಇನ್ನೇನಾಗ್ತದ?” ಎಂದು ಅವನ ತಾಯಿ ಮೋನಮ್ಮ ಯಾರಿಗೋ ಹೇಳುತ್ತಿದ್ದಳು.

ಅವನು ಎಚ್ಚರವಾಗಿದ್ದ. ಕಣ್ಣು ತೆರೆದಿತ್ತು. ಗೋಡೆಯ ಕಡೆ ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ.

ಮೋಸಂಬಿಯನ್ನು ನರ್ಸಿನ ಕೈಗೆ ಕೊಟ್ಟು ಅವಳು ಬಂದ ಬಸ್ಸಿಗೇ ತಿರುಗಿದಳು. ತಾಯಿಯ ಮಾತು ಬಸ್ಸು ಭೀಮೆಯ ಸೇತುವೆ ದಾಟುವಷ್ಟರಲ್ಲಿ ಕರಗಿತು. ಅವನ ಮೌನ ಮಾತ್ರ ವರ್ಷ ಕಳೆದರೂ ಕರಗಲಿಲ್ಲ. ಊರವರ ಬಾಯಿಗೆ ಬೀಗವೆಲ್ಲಿ? ಎದುರಿನ ಲಾಡ್ಲೇಸಾಬನ ಚಹಾದ ಹೋಟೆಲ್ಲಿನಲ್ಲಿ ಕೂತವರೆಲ್ಲ ಅದನ್ನೇ ಆಡಿದರು. ಗಿರಾಕಿಗಳು ಪಂಕ್ಚರಿಗೆ ಬಂದರು, ಆಯಿಲ್ಲಿಗೆ ಬಂದರು. ಫೋರ್ಕಿಗೆ ಒಬ್ಬರೂ ಬರಲಿಲ್ಲ. ರಾತ್ರಿಗಳಲ್ಲಿ ಅವಳು ಮನಸ್ಸಿನೊಳಗೇ ಆ ಫೋರ್ಕನ್ನು ನೂರು ಸಲ ಬಿಚ್ಚಿ ಕೂಡಿಸಿದಳು. ಎಲ್ಲಿ ತಪ್ಪಿದೆನೆಂದು ಒಮ್ಮೆಯೂ ಕಾಣಲಿಲ್ಲ.

*

“ಬಿಚ್ಚು, ಯವ್ವಾ,” ಅಂದ ಈಗ ಅಂಬ್ರಪ್ಪ, ಜೀಪಿನ ಸೀಟಿನ ಮೇಲಿಂದಲೇ.

ಪಂಚಶೀಲಾ ತಿರುಗಿ ನೋಡಿದಳು.

“ಅಪ್ಪ, ನನ್ ಕೈ...”

“ನಿನ್ ಕೈದು ತಪ್ಪು ಏನಂಬೂದು ವರ್ಷತನಕ ಮನಸಿನ್ಯಾಗ ಹುಡುಕಿದಿ. ಇವತ್ತ ತಾನೇ ಬಾಗಿಲಿಗೆ ಬಂದು ನಿಂತದ. ಕಣ್ಣಲೆ ನೋಡು. ತಪ್ಪಿದ್ರ ಕಲೀತಿ. ಇಲ್ಲಾಂದ್ರ ಮಲಗಿ ನಿದ್ದಿ ಮಾಡ್ತಿ.” ನಂತರ ಸುನೀಲಕುಮಾರನ ಕಡೆ ತಿರುಗಿದ. “ತಮ್ಮಾ, ಬಿದ್ದಮ್ಯಾಲ ಈ ಫೋರ್ಕ್ ಯಾರರ ಬಿಚ್ಚ್ಯಾರೇನು?”

“ಯಾರೂ ಬಿಚ್ಚಿಲ್ರಿ. ಮನಿ ಮುಂದ ತಾಡಪತ್ರಿ ಹೊಚ್ಚಿ ಇಟ್ಟಿದ್ದೆ.”

“ಬೇಷಾತು. ಕೂಡ್ರು.”

ಅವನು ಕೂಡಲಿಲ್ಲ. ಕಂಬಕ್ಕೆ ಒರಗಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತ. ಮೊದಲು ಅವಳ ತುರುಬಿನ ಮೇಲೆ ನಿಲ್ಲುತ್ತಿದ್ದ ಕಣ್ಣು ಈಗ ಅವಳ ಕೈಗಳ ಮೇಲೆ ಕೀಲಿಸಿತ್ತು. ಅವಳು ಗಾಲಿ ಇಳಿಸಿದಳು, ಕೊಳವೆಗಳನ್ನು ಜಾರಿಸಿ ಹೊರಗೆಳೆದಳು. ಬೆರಳುಗಳಿಗೆ ದಾರಿ ನೆನಪಿತ್ತು. 

ಇನ್ನೊಂದು ಗೂಡಿನಿಂದ ಒಂದು ಹಾಲು ಬಾಟಲಿ ಇಳಿಸಿದಳು. ಕೂಸುಗಳಿಗೆ ಹಾಲು ಕುಡಿಸುವ ಬಾಟಲಿ; ಮೈಮೇಲೆ ಅಳತೆಯ ಗೆರೆಗಳು. ಅಂಬ್ರಪ್ಪನ ಗ್ಯಾರೇಜಿನಲ್ಲಿ ಫೋರ್ಕಿಗೆ ಆಯಿಲ್ಲು ಅಳೆಯುವುದು ಅದರಲ್ಲೇ. ಹಾಕಿದ್ದನ್ನೂ ಅಳೆಯಬೇಕು, ತೆಗೆದದ್ದನ್ನೂ ಅಳೆಯಬೇಕು. ಹಾಕಿದ ಅಳತೆಯನ್ನು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯಬೇಕು. ಆ ಸಾಲು ಇನ್ನೂ ಅಲ್ಲೇ ಇತ್ತು, ಅವಳದೇ ದುಂಡು ಅಕ್ಷರದಲ್ಲಿ: ಕೊಂಕಲ್ ಗಾಡಿ, ಎಡ ೨೪೦, ಬಲ ೨೪೦ ಮಿ.ಲೀ.

ಎಡಗೊಳವೆಯ ಮುಚ್ಚಳ ತೆಗೆದು, ಸ್ಪ್ರಿಂಗು ಸೆಳೆದು, ಬಾಟಲಿಗೆ ಬಗ್ಗಿಸಿದಳು. ಕೆಂಪಗೆ ಬರಬೇಕಾದ ಆಯಿಲ್ಲು ಹುಣಸೆರಸದ ಬಣ್ಣದಲ್ಲಿ ಬಂತು. ಇನ್ನೂರು. ಇನ್ನೂರ ನಲವತ್ತು. ಬಾಟಲಿ ಕುತ್ತಿಗೆಯತನಕ ತುಂಬಿತು. ಕೊಳವೆಯಿಂದ ಇನ್ನೂ ಸುರಿಯುತ್ತಲೇ ಇತ್ತು. ಅಂಚು ಮೀರಿ ಅವಳ ಬೆರಳ ಮೇಲೆ, ಮಣಿಕಟ್ಟಿನ ಮೇಲೆ, ನೆಲದ ಮೇಲೆ ಹರಿಯಿತು.

ಬಾಟಲಿ ಬರಿದು ಮಾಡಿದಳು. ಬಲಗೊಳವೆಯನ್ನೂ ತೆಗೆದಳು. ಅದೂ ಹಾಗೆಯೇ.

ಬೆರಳನ್ನು ಮೂಗಿಗೆ ಹಿಡಿದು ನೋಡಿದಳು. ಫೋರ್ಕಿನ ಆಯಿಲ್ಲಿನ ಜೊತೆಗೆ ಎಂಜಿನ್ನಿನ ಆಯಿಲ್ಲಿನ ವಾಸನೆ.

“ಇದು ನಾ ಹಾಕಿದ್ದಲ್ಲ, ಅಪ್ಪ.” ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ಮ್ಯಾಲಿಂದ ಯಾರೋ ಸುರುವ್ಯಾರ. ಗಾಳಿಗೆ ಜಾಗನೇ ಇಟ್ಟಿಲ್ಲ. ಅದಕ್ಕ ಕುಗ್ಗಿಲ್ಲ ಇದು. ಅದಕ್ಕ...”

ಅಷ್ಟಕ್ಕೆ ನಿಲ್ಲಿಸಿ ಮೆಲ್ಲಗೆ ತಿರುಗಿದಳು. ಕಂಬಕ್ಕೆ ಒರಗಿದ್ದವನ ತಲೆ ಬಾಗಿತ್ತು.

“ನಾನೇ ಹಾಕಿದ್ದೆ, ಮಿಸ್ತ್ರಿ.”

ಲಾಡ್ಲೇಸಾಬನ ಹೋಟೆಲ್ಲಿನಲ್ಲಿ ಕಪ್ಪು-ಬಸಿ ತೊಳೆಯುವ ಸದ್ದು ರಸ್ತೆಯ ಈಚೆಗೂ ಕೇಳುತ್ತಿತ್ತು.

“ಆರು ತಿಂಗಳು ಬರಬ್ಯಾಡ ಅಂದಿದ್ರಿ. ಕೆಡಾಕ ಏನೂ ಉಳದಿಲ್ಲ ಅಂದಿದ್ರಿ. ಸೀಲ್ ಒಡದ್ರ ವಾಪಸ್ ಬರಬೇಕಾಗ್ತದ ಅಂತನೂ ನೀವೇ ಅಂದಿದ್ರಿ.” ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡ. “ಜರಾ ಸೋರಲಿ, ಎರಡು ದಿನದಾಗ ಬರಾಕ ನೆಪ ಸಿಗ್ತದ ಅಂತ ಮುಚ್ಚಳ ತಗದು ಸುರುವಿದೆ. ಕುಗ್ಗೂದೇ ನಿಂತು ಹೋಗ್ತದ ಅಂತ ಗೊತ್ತಿರಲಿಲ್ರಿ. ಖರೇನ ಗೊತ್ತಿರಲಿಲ್ಲ.”

ಪಂಚಶೀಲಾಳ ಕಣ್ಣಿಗೆ ಒಂದು ಕ್ಷಣ ಏನೂ ಕಾಣಲಿಲ್ಲ. ನನ್ನನ್ನು ನೋಡಲಿಕ್ಕೆಂದು ತನ್ನ ಗಾಡಿಯನ್ನು ತಾನೇ ಕೆಡಿಸಿಕೊಂಡವನು! ಬೇರೆ ಯಾವ ದಿನ ಕೇಳಿದ್ದರೂ ನಗು ಬರುತ್ತಿತ್ತು. ಇವತ್ತು ಸಿಟ್ಟಿನ ಕೆಳಗೆಲ್ಲೋ ಆ ನಗು ಮಿಸುಕಿದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

“ಗೊತ್ತಿಲ್ದ ಮಾಡಿದ್ದು ಬಿಡ್ರಿ. ಗೊತ್ತಾದ ಮ್ಯಾಲ? ಆಸ್ಪತ್ರ್ಯಾಗ? ಎಚ್ಚರಿದ್ರಿ ನೀವು. ನಾ ಬಾಗಿಲದಾಗ ನಿಂತಿದ್ದೆ.”

“ನರ್ಸ್ ಮೋಸಂಬಿ ಕೊಟ್ಟಾಗ ಗೊತ್ತಾತ್ರಿ. ಒಂದೂ ತಿನ್ನಾಕ ಆಗಲಿಲ್ಲ.”

“ತಿನ್ನಬೇಕಿತ್ತು. ತಿಂದು ಬಾಯಿ ಬಿಡಬೇಕಿತ್ತು.” ಬಾಟಲಿಯನ್ನು ಟಕ್ಕೆಂದು ನೆಲಕ್ಕಿಟ್ಟಳು. “ಒಂದು ವರ್ಷ, ಸುನೀಲಕುಮಾರ್ರಿ. ಪಾನಾ ಹಿಡದಾಗೊಮ್ಮೆ ನನ್ ಕೈಯೇ ನನಗ ಭರೋಸಾ ಇರಲಿಲ್ಲ. ಇವತ್ತರ ನೀವು ಹೇಳಿದ್ರೇನು? ಫೋರ್ಕ್ ಹೇಳೂತನಕ ಕಂಬ ಹಿಡದು ನಿಂತ್ರಿ.”

“ಹೇಳಬೇಕಂತೇ ಬಂದಿದ್ದೆ. ಬೋರ್ಡ್ ನೋಡಿದ ಕೂಡ್ಲೇ ನಾಲಿಗಿ ಬಿದ್ಹೋತು. ನಾ ಇಷ್ಟು ಕೆಡಿಸೀನಿ ಅಂತ ತಿಳದಿರಲಿಲ್ಲ. ಅವ್ವಗ ನಿನ್ನಿ ಹೇಳೀನ್ರಿ. ಆಕಿ ತಾಟು ಎತ್ತಿಟ್ಲು. ‘ಮೊದಲ ಆ ಹುಡುಗಿ ಮುಂದ ಹೋಗಿ ಹೇಳು, ಆಮ್ಯಾಲ ನನ್ ಮನ್ಯಾಗ ಉಣ್ಣು’ ಅಂದ್ಲು. ನಿನ್ನಿಯಿಂದ ಉಂಡಿಲ್ಲ ನಾ.”

ಅಂಬ್ರಪ್ಪ ಕೆಮ್ಮಿದ. ಆ ಕೆಮ್ಮಿನಲ್ಲಿ ಮೋನಮ್ಮನ ಬಗ್ಗೆ ಒಂದಿಷ್ಟು ಮರ್ಯಾದೆ ಇತ್ತು.

ಪಂಚಶೀಲಾ ಕೈ ಒರೆಸಿಕೊಂಡು ಹೊಸ ಸ್ಪ್ರಿಂಗುಗಳ ಪೇಪರು ಬಿಚ್ಚಿದಳು.

“ನನ್ ಮುಂದ ಹೇಳಿದ್ರ ಮುಗೀಲಿಲ್ಲ. ನನ್ ಹೆಸರು ಕೆಟ್ಟದ್ದು ಅಲ್ಲಿ.” ರಸ್ತೆಯಾಚೆಗೆ ಗದ್ದ ತೋರಿಸಿದಳು. “ನಾ ಈ ಫೋರ್ಕ್ ಕೂಡಿಸೂತನಕ ನಿಮಗ ವ್ಯಾಳ್ಯಾ ಅದ. ಅದರೊಳಗ ಹೇಳಿದ್ರ ಸರಿ. ಇಲ್ಲಾಂದ್ರ ಗಾಡಿ ತಗೊಂಡು ಹೋಗ್ರಿ, ಮತ್ತ ಈ ಓಣಿಗೆ ಬರಬ್ಯಾಡ್ರಿ.”

*

ಅವನು ರಸ್ತೆ ದಾಟಿದ.

ಹೋಟೆಲ್ಲಿನ ಬೆಂಚುಗಳ ಮೇಲೆ ಏಳೆಂಟು ಜನ ಇದ್ದರು. ಪಕ್ಕದ ಓಣಿಯ ಮೆಕ್ಯಾನಿಕ್ ಫಿರೋಜನೂ ಇದ್ದ. ಅವಳ ಮೇಲೆ ಎಲ್ಲರಿಗಿಂತ ಹೆಚ್ಚು ನಕ್ಕು ಚಾಷ್ಟಿ ಮಾಡಿದವನೇ ಅವನು. ಸುನೀಲಕುಮಾರ ಬೆಂಚಿನ ತುದಿಗೆ ಕೂತ. ಮುಂದೆ ಚಹಾ ಬಂತು. ಅವನು ಮುಟ್ಟಲಿಲ್ಲ.

ಪಂಚಶೀಲಾ ಹಳೆಯ ಸೀಲು ಕಿತ್ತು ಹೊಸದನ್ನು ಕೂಡಿಸಿದಳು. ನೋಡಿದಳು. ಅವನು ಹಾಗೆಯೇ ಕೂತಿದ್ದ.

ಎಡಗೊಳವೆಗೆ ಆಯಿಲ್ಲು ಅಳೆದು ಹಾಕಿದಳು. ಗಟ್ಟಿ ಸ್ಪ್ರಿಂಗಿಗೆ ತಕ್ಕ ದಪ್ಪನೆಯ ಆಯಿಲ್ಲು. ಬುರುಬುರು ಗುಳ್ಳೆ ಎದ್ದು ಅಡಗುವ ತನಕ ಕೊಳವೆಯನ್ನು ಮೆಲ್ಲಗೆ ಆಡಿಸಿದಳು. ಕಡ್ಡಿ ಇಳಿಸಿ, ಮೇಲೆ ಎಷ್ಟು ಬೆರಳು ಖಾಲಿ ಉಳಿಯಿತೆಂದು ನೋಡಿದಳು. ಮತ್ತೆ ರಸ್ತೆಯಾಚೆ ನೋಡಿದಳು. ಚಹಾದ ಮೇಲೆ ಕೆನೆ ಕಟ್ಟಿತ್ತು.

ಬಲಗೊಳವೆಯೂ ಆಯಿತು. ಎರಡನ್ನೂ ಗಾಡಿಗೆ ಏರಿಸಿದಳು. ಗಾಲಿ ಕೂಡಿಸಿದಳು. ಉಳಿದದ್ದು ಎರಡು ಬೋಲ್ಟು. ಒಂದನ್ನು ಬಿಗಿದಳು. ಕಡೆಯದಕ್ಕೆ ಪಾನಾ ಹಾಕಿದಾಗ ಅವಳ ಕೈ ತಾನೇ ನಿಧಾನವಾಯಿತು. ಬುದ್ಧನ ಗೂಡಿನಲ್ಲಿ ಊದುಬತ್ತಿ ಸುಟ್ಟು ಬರೀ ಬೂದಿಯ ಕಡ್ಡಿಯಾಗಿ ಬಾಗಿ ನಿಂತಿತ್ತು. ಹೇಳದಿದ್ದರೆ? ಈ ಗಾಡಿ ಈಗಲೇ ಹೊರಟುಹೋಗುತ್ತದೆ. ಹೋಗಲಿ ಎಂದು ಬಾಯಿ ಹೇಳಿಯಾಗಿದೆ, ಎದೆ ಹೇಳಲೊಲ್ಲದು.

“ಪಂಚೀ, ಕೈ ಯಾಕ ನಿಂತದ?” ಅಂದ ಅಂಬ್ರಪ್ಪ.

“ನಿಂತಿಲ್ಲಪ್ಪ.”

ಆಗ ರಸ್ತೆಯಾಚೆ ಬೆಂಚು ಕಿರ್ರೆಂದಿತು.

“ಒಂದು ಮಾತು ಕೇಳ್ರಿ ಎಲ್ಲಾರೂ,” ಎಂದು ಸುನೀಲಕುಮಾರ ಎದ್ದು ನಿಂತಿದ್ದ. ರಸ್ತೆಯ ಈಚೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ. “ಹೋದ ವರ್ಷ ನಾ ಬಿದ್ದದ್ದು ಮಿಸ್ತ್ರಿ ಪಂಚಶೀಲಾ ಅವ್ರ ಕೆಲಸದಿಂದಲ್ಲ. ಅವ್ರು ಬರೋಬ್ಬರಿ ಅಳದು ಹಾಕಿದ್ರು. ನಾನೇ ಮನ್ಯಾಗ ಮುಚ್ಚಳ ತಗದು ಮ್ಯಾಲ ಆಯಿಲ್ ಸುರುವಿದ್ದೆ. ಗಲತಿ ನಂದು. ವರ್ಷತನಕ ಬಾಯಿ ಮುಚ್ಚಿಕೊಂಡು ಕೂತದ್ದೂ ನಂದೇ ಗಲತಿ.”

ಸಕ್ಕರೆ ಕದಡುತ್ತಿದ್ದ ಚಮಚೆಗಳು ನಿಂತವು.

“ಯಾಕ ಸುರುವಿದಿ ಮಾರಾಯಾ?” ಎಂದು ಫಿರೋಜ ಹುಬ್ಬೇರಿಸಿದ. “ಯಾವ ಹುಚ್ಚ ಸುರುವ್ತಾನ?”

ಸುನೀಲಕುಮಾರ ಒಮ್ಮೆ ಗ್ಯಾರೇಜಿನ ಕಡೆ ನೋಡಿದ. “ಗಾಡಿ ಕೆಟ್ರನ ಅಲ್ಲಿಗೆ ಹೋಗಾಕ ಆಗ್ತದ. ಅದಕ್ಕ.”

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಕೂಡಲೇ ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ನಗು ಹಾಯ್ದುಹೋಯಿತು. ಮುದುಕ ಲಾಡ್ಲೇಸಾಬ ಮಾತ್ರ ನಗಲಿಲ್ಲ. ಕೆನೆ ಕಟ್ಟಿದ ಕಪ್ಪನ್ನು ಎತ್ತಿ ಚೆಲ್ಲಿ, ಬಿಸಿ ಚಹಾ ತುಂಬಿ ಅವನ ಮುಂದಿಟ್ಟ.

“ಕುಡಿ ಬೇಟಾ. ಫಿರೋಜ್, ನಿನ್ ಗಾಡಿ ಮುಂದ ಸೋರಾಕತ್ತಿ ತಿಂಗಳಾತಲ್ಲ? ಮಧ್ಯಾಹ್ನ ಆ ಹುಡುಗಿ ಹಂತ್ಯಾಕ ಒಯ್ದು ನಿಲ್ಲಸು. ಬಾಯಿಲೆ ಮಾಫಿ ಕೇಳಾಕ ನಿನಗ ಬರಂಗಿಲ್ಲ, ಹಂಗರ ಕೇಳು.”

ಗ್ಯಾರೇಜಿನಲ್ಲಿ ಪಂಚಶೀಲಾ ಕಡೆಯ ಬೋಲ್ಟನ್ನು ಬಿಗಿದಳು. ಕಣ್ಣೊಳಗೆ ಏನೋ ಬಿದ್ದವಳಂತೆ ತೋಳಿನಿಂದ ಮುಖ ಒರೆಸಿಕೊಂಡಳು. ಕೆನ್ನೆಗೆ ಉದ್ದನೆಯ ಕಪ್ಪು ಗೆರೆ ಬಿತ್ತು.

*

“ಏರ್ರಿ,” ಅಂದಳು, ಅವನು ತಿರುಗಿ ಬಂದಾಗ. “ನಿಮ್ಮ ಭಾರಕ್ಕ ಎಷ್ಟು ಕುಗ್ಗತದ ನೋಡಬೇಕು.”

ಫೋರ್ಕಿನ ಕೊಳವೆಗೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ಪಟ್ಟಿಯನ್ನು ಉಂಗುರದಂತೆ ಬಿಗಿದಿದ್ದಳು. ಫೋರ್ಕು ಎಷ್ಟು ಕುಗ್ಗುತ್ತದೋ ಅಷ್ಟು ದೂರ ಆ ಉಂಗುರ ಜರುಗಿ ಅಲ್ಲೇ ನಿಲ್ಲುತ್ತದೆ. ಅವನು ಏರಿ ಕೂತ. ಅವಳು ಗಾಲಿಯ ಮುಂದೆ ಮೊಣಕಾಲೂರಿ ಸ್ಕೇಲು ಹಿಡಿದಳು.

“ಉಸಿರು ಬಿಡ್ರಿ. ಹಿಂಗ ಬಿಗಿ ಹಿಡದು ಕೂತ್ರ ಅಳತಿ ತಪ್ಪತದ.”

“ನೀವು ಅಲ್ಲಿ ಕೂತಾಗ ಉಸಿರು ಬಿಡೂದು ಹ್ಯಾಂಗ್ರಿ?”

ಅವಳು ತಲೆಯೆತ್ತಲಿಲ್ಲ. ಆದರೆ ಸ್ಕೇಲು ಹಿಡಿದ ಕೈ ಒಂದು ಕೂದಲೆಳೆಯಷ್ಟು ಅಲುಗಿತು. ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ಬಲ್ಲಳು.

“ಇಳೀರಿ. ಮೊದಲ ಸುತ್ತು ನಂದು.”

“ನಾನೂ ಬರ್ತೀನ್ರಿ ಹಿಂದ. ಹೋದ ಸಲ ನಿಮ್ಮ ಸುತ್ತು ಬರೋಬ್ಬರಿ ಇತ್ತು, ಆಮ್ಯಾಲ ಕೆಡಿಸಿದ್ದು ನಾನು. ಈ ಸಲ ನಡುವ ಏನೂ ಆಗಿಲ್ಲ ಅಂಬೂದಕ್ಕ ನಾನೇ ಸಾಕ್ಷಿ.”

ಅವಳು ಅಪ್ಪನ ಕಡೆ ನೋಡಿದಳು. ಅಂಬ್ರಪ್ಪ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಗೋಡೆಗೆ ಒರಗಿದ್ದ. ಅವನಿಗೆ ಆ ಹೊತ್ತಿನಲ್ಲಿ ಎಂದೂ ನಿದ್ದೆ ಬಂದದ್ದಿಲ್ಲ.

ಕಾಲುವೆಯ ಏರಿಗೆ ಗಾಡಿ ಹತ್ತಿದಾಗ ಎಡಕ್ಕೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಮೇಲೆ ಬಿಸಿಲು ಹರಡಿತ್ತು. ಬಲಕ್ಕೆ ನೀರು. ನಡುವೆ ಕಲ್ಲು, ತಗ್ಗು, ಹಸುಗಳ ಗೊರಸು ಮೂಡಿ ಒಣಗಿದ ಕೆಸರು. ಅವನು ಹಿಂದೆ ಸೀಟಿನ ಕಬ್ಬಿಣ ಹಿಡಿದು, ಅವಳಿಗೆ ತಗಲದಂತೆ ಕೂತಿದ್ದ. ಮುಂದೆ ಒಂದು ಮೋರಿ ಮುರಿದು ಮೊಣಕಾಲುದ್ದ ತಗ್ಗು ಬಿದ್ದಿತ್ತು. ಅವನ ಉಸಿರು ನಿಂತದ್ದು ಅವಳಿಗೆ ಬೆನ್ನಿನಿಂದಲೇ ತಿಳಿಯಿತು. ಅವಳಿಗೂ ಬೋನಾಳದ ಕಲ್ಲು ನೆನಪಾಯಿತು.

“ಹಿಡಕೋರಿ,” ಅಂದಳು.

ಅವನ ಎಡಗೈ ಅವಳ ಹೆಗಲಿಗೆ ಬಂತು. ಅವಳು ಗಾಡಿಯನ್ನು ತಗ್ಗಿಗೆ ಇಳಿಸಿದಳು. ಮುಂದಿನ ಗಾಲಿ ಕಲ್ಲಿಗೆ ಬಡಿಯಿತು. ಫೋರ್ಕು ಆಳಕ್ಕೆ ಕುಗ್ಗಿತು, ಇನ್ನೂ ಕುಗ್ಗಿತು, ಆ ಪೆಟ್ಟನ್ನು ಪೂರಾ ನುಂಗಿ, ಅವಸರವಿಲ್ಲದೆ ಮೇಲೆದ್ದಿತು. ಹ್ಯಾಂಡಲು ಅವಳ ಅಂಗೈಯೊಳಗೆ ಹೂವಿನಂತೆ ಇತ್ತು.

ಆಚೆ ದಡಕ್ಕೆ ಏರಿ ಗಾಡಿ ನಿಲ್ಲಿಸಿದಳು. ಇಬ್ಬರೂ ಇಳಿದು ಕೊಳವೆಯ ಮುಂದೆ ಬಗ್ಗಿದರು. ಉಂಗುರ ಬಹಳ ದೂರ ಜರುಗಿತ್ತು. ಕೊನೆಗೆ ಇನ್ನೂ ಎರಡು ಬೆರಳು ಜಾಗ ಉಳಿದಿತ್ತು.

ಅವಳು ಆ ಎರಡು ಬೆರಳು ಜಾಗವನ್ನೇ ನೋಡುತ್ತ ನಿಂತಳು. ವರ್ಷದಿಂದ ಹಿಡಿದಿಟ್ಟಿದ್ದ ಉಸಿರು ಉದ್ದಕ್ಕೆ ಹೊರಬಂತು. ಬಗ್ಗುವಾಗ ಮತ್ತೆ ಅವಳ ಹೆಗಲಿಗೆ ಆನಿಸಿದ ಅವನ ಕೈ ಇನ್ನೂ ಅಲ್ಲೇ ಇತ್ತು. ತೆಗೆಯಲು ಅವನೂ ಮರೆತಿದ್ದ, ತೆಗೆ ಅನ್ನಲು ಅವಳೂ.

“ಮಿಸ್ತ್ರಿ, ಇನ್ನ ಈ ಗಾಡ್ಯಾಗ ಕೆಡಾಕ ಏನರ ಉಳದದೇನ್ರಿ?”

“ಏನೂ ಇಲ್ಲ.”

“ಹಂಗಾದ್ರ ನಾ ಇನ್ನ ಯಾವ ನೆಪಕ್ಕ ಬರಲಿ?”

ಪಂಚಶೀಲಾ ತುರುಬಿಗೆ ಎಂದಿನಂತೆ ಸಿಕ್ಕಿಸಿದ್ದ ಸ್ಕ್ರೂಡ್ರೈವರು ಸೆಳೆದು ಕೈಯಲ್ಲಿ ಹಿಡಿದಳು. ಕೂದಲು ಜಾರಿ ಬೆನ್ನ ಮೇಲೆ ಬಿತ್ತು. ಕೆನ್ನೆಯ ಮೇಲಿನ ಕಪ್ಪು ಗೆರೆಯ ಹಿಂದೆ, ವರ್ಷದ ಹಿಂದೆ ಕಳೆದುಹೋಗಿದ್ದ ನಗೆ ಮೆಲ್ಲಗೆ ಬಂದು ಕೂತಿತು.

“ಇವತ್ತ ಮನಿಗೆ ಹೋಗಿ ಮೊದಲ ಉಣ್ರಿ. ನಾಳಿಗೆ ಅವ್ವನ್ನ ಕರಕೊಂಡು ಬಂದು ಅಪ್ಪನ ಕೂಡ ಮಾತಾಡ್ರಿ.” ಒಂದು ಗಳಿಗೆ ತಡೆದು ಅವನ ಕಣ್ಣನ್ನೇ ನೋಡಿದಳು. “ಗಾಡಿ ತರಬ್ಯಾಡ್ರಿ. ಬಸ್ಸಿಗೆ ಬರ್ರಿ.”